ಹಾಡು ಮುಗಿಸುವವರು ಯಾರು?

ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸುರಪುರದ ಬಸ್ಸಿಗೆ ಕಾಯುತ್ತ ಕೂತವರು ಮೊಬೈಲಿನಲ್ಲಿ ಕಡಕೋಳ ಮಡಿವಾಳಪ್ಪನ ತತ್ವಪದ ಹಾಕಿಕೊಂಡರೆ, ಬಸ್ಸು ಬರುವುದರೊಳಗೆ ಮೂರ್ನಾಲ್ಕು ಪದ ಕೇಳಿ ಮುಗಿಸಬಹುದು. ಒಂದೊಂದು ನಾಲ್ಕು ನಿಮಿಷ, ಹೆಚ್ಚೆಂದರೆ ಐದು. ಅದೇ ಪದ ಅಮಾಸಿ ರಾತ್ರಿ ಮಠದ ಕಟ್ಟೆಯ ಮೇಲೆ ಶುರುವಾಯಿತೆಂದರೆ ಅರ್ಧ ತಾಸು ಹಿಡಿದರೂ ಯಾರೂ ಗಡಿಯಾರ ನೋಡುವುದಿಲ್ಲ. ಪಲ್ಲ ಅದೇ, ನುಡಿ ಅವೇ, ಮಟ್ಟೂ ಹೆಚ್ಚುಕಡಿಮೆ ಅದೇ. ಹಾಗಿದ್ದರೆ ಉಳಿದ ಇಪ್ಪತ್ತೈದು ನಿಮಿಷ ಎಲ್ಲಿಂದ ಬಂತು?

ರೆಕಾರ್ಡಿಂಗಿಗೂ ಜನರೆದುರಿನ ಹಾಡಿಕೆಗೂ ಏನು ವ್ಯತ್ಯಾಸ ಎಂದರೆ ದನಿ ಸ್ವಚ್ಛವೋ ಅಲ್ಲವೋ, ತಪ್ಪು ತಿದ್ದಬಹುದೋ ಇಲ್ಲವೋ ಎಂಬಲ್ಲಿಗೇ ಮಾತು ನಿಲ್ಲುತ್ತದೆ. ನನಗೆ ಮುಖ್ಯವೆನಿಸುವುದು ಬೇರೆ. ಹಾಡು ಎಲ್ಲಿ ಮುಗಿಯಬೇಕೆಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆ? ಕಟ್ಟೆಯ ಮೇಲೆ ಅದು ಕೂತವರ ಕೈಯಲ್ಲಿದೆ. ರೆಕಾರ್ಡಿಂಗಿನಲ್ಲಿ ಒಂದು ಕಾಲಕ್ಕೆ ಮೇಣದ ತಟ್ಟೆಯ ಕೈಯಲ್ಲಿತ್ತು, ಆಮೇಲೆ ಟೇಪಿನ ಉದ್ದ, ರೇಡಿಯೋದ ವೇಳಾಪಟ್ಟಿ, ಈಗ ರೀಲ್ಸ್. ಉಳಿದ ವ್ಯತ್ಯಾಸಗಳೆಲ್ಲ ಇದರ ಬೆನ್ನ ಹಿಂದೆಯೇ ಬರುತ್ತವೆ.

ಯಾದಗಿರಿ ಸೀಮೆಯ ಭಜನೆಯನ್ನು ಕೂತು ಕೇಳಿದವರಿಗೆ ಇದು ಗೊತ್ತಿರುವ ಸಂಗತಿಯೇ. ನಡುವೆ ಪೇಟಿ, ಅಂದರೆ ಹಾರ್ಮೋನಿಯಂ. ಒಂದು ಮಗ್ಗುಲಿಗೆ ತಬಲಾ ಇಲ್ಲವೇ ಡೋಲಕ್, ಇನ್ನೊಂದು ಮಗ್ಗುಲಿಗೆ ದಮ್ಮಡಿ, ಏಕತಾರಿ, ತಾಳ. ಮುಂದಿನವನು ಪಲ್ಲ ಎತ್ತಿದರೆ ಹಿಂದಿನವರು ಅದನ್ನು ಹೊರಳಿ ಹಾಡಬೇಕು. ಆ ಹಿಂದಿನ ದನಿ ಮಂದವಾಗಿ ಬಂದರೆ ಮುಂದಿನವನು ನುಡಿಗೆ ಹೋಗುವುದೇ ಇಲ್ಲ. ಮತ್ತೊಮ್ಮೆ ಪಲ್ಲ, ಮಗದೊಮ್ಮೆ ಪಲ್ಲ. ದನಿ ತುಂಬಿ ಬಂತೋ, ತಾಳ ತಾನಾಗಿಯೇ ಏರುತ್ತದೆ. ಎರಡನೇ ನುಡಿಯ ಹೊತ್ತಿಗೆ ಕಂಬಕ್ಕೆ ಒರಗಿದ ಮುತ್ಯಾ ಕಣ್ಣು ತೆರೆಯದೆಯೇ, “ತಮ್ಮಾ, ನಡುವಿಂದೊಂದು ನುಡಿ ಬಿಟ್ಟಿ ನೋಡು” ಅನ್ನುತ್ತಾನೆ. ಹಾಡುವವನು “ಹೌದ್ರಿ ಮುತ್ಯಾ” ಎಂದು ಹಿಂದಕ್ಕೆ ಹೋಗಿ ಬಿಟ್ಟ ನುಡಿ ಹಿಡಿದುಕೊಂಡು ಬರುತ್ತಾನೆ. ಇನ್ನಾರೋ, “ಇದರ ಅರ್ಥ ಬಿಡಿಸ್ರಿ ಸ್ವಲ್ಪ” ಎಂದರೆ ಪೇಟಿಯ ಮೇಲೆ ಶ್ರುತಿಯೊಂದನ್ನೇ ಹಿಡಿದು ಐದು ನಿಮಿಷ ಮಾತು. ಅಷ್ಟರಲ್ಲಿ ಯಾರೋ ಬಂದು ನೂರರ ನೋಟು ಪೇಟಿಯ ಮೇಲಿಟ್ಟರೆ ಕೊಟ್ಟವರ ಹೆಸರು, ಊರು ಹೇಳಿ ಹರಸಬೇಕು. ಇಪ್ಪತ್ತೈದು ನಿಮಿಷದ ಲೆಕ್ಕ ಹೀಗೆ ಹತ್ತುತ್ತದೆ. ಹಾಡಿನ ಅರ್ಧ ಕೆಲಸ ಕೇಳುವವರೇ ಮಾಡುತ್ತಿರುತ್ತಾರೆ.

ಈಗ ಅದೇ ಹಾಡುಗಾರನನ್ನು ಸ್ಟುಡಿಯೋದೊಳಗೆ ನಿಲ್ಲಿಸಿ. ಗೋಡೆಗೆಲ್ಲ ಸ್ಪಂಜಿನ ಹಲಗೆ. ಚಪ್ಪಾಳೆ ತಟ್ಟಿದರೆ ಶಬ್ದ ಅಲ್ಲೇ ಸಾಯುತ್ತದೆ. ಕಿವಿಗೆ ಹೆಡ್‌ಫೋನು, ಅದರೊಳಗೆ ಟಿಕ್ ಟಿಕ್ ಎನ್ನುವ ಕ್ಲಿಕ್ಕು. ಅದು ಒಂದೇ ವೇಗದಲ್ಲಿ ಓಡುತ್ತಿರುತ್ತದೆ, ಯಾರ ಹುರುಪಿಗೂ ಏರುವುದಿಲ್ಲ. ತಬಲಾ ನಿನ್ನೆಯೇ ನುಡಿಸಿ ಆಗಿದೆ. ಹಿಂದಿನ ದನಿ ನಾಳೆ. ಅದಕ್ಕೂ ಇಬ್ಬರು ಸಾಕು, ಅವರನ್ನೇ ನಾಲ್ಕು ಸಲ ಹಾಡಿಸಿ ಒಂದರ ಮೇಲೊಂದು ಕೂಡಿಸಿದರೆ ಎಂಟು ಜನರ ಗುಂಪಾಯಿತು. ಪಲ್ಲ ಎತ್ತಿದವನಿಗೆ ಪಲ್ಲ ತಿರುಗಿ ಬರುವುದಿಲ್ಲ, ಖಾಲಿ ಜಾಗ ಎಣಿಸಿಕೊಂಡು ಮುಂದಿನ ನುಡಿಗೆ ಹೋಗಬೇಕು. ಎಲ್ಲೋ ಸ್ವರ ಜಾರಿತು ಎನ್ನಿ, ಗಾಜಿನ ಆಚೆಯಿಂದ “ಅದೊಂದೇ ಸಾಲು ಇನ್ನೊಮ್ಮೆ” ಎಂಬ ದನಿ ಕೇಳುತ್ತದೆ. ಆ ಸಾಲನ್ನು ಕತ್ತರಿಸಿ ಅಲ್ಲಿಗೇ ಕೂಡಿಸುತ್ತಾರೆ. 1997ರಲ್ಲಿ ಆಟೋ‌ಟ್ಯೂನ್ ಬಂದ ಮೇಲೆ ಇನ್ನೊಮ್ಮೆ ಹಾಡುವ ಕೆಲಸವೂ ಎಷ್ಟೋ ಸಲ ತಪ್ಪಿದೆ, ಜಾರಿದ ಸ್ವರವನ್ನು ಕಂಪ್ಯೂಟರೇ ಎತ್ತಿ ಕೂರಿಸುತ್ತದೆ. ಪೇಟಿಯ ತಿದಿ ಉಸಿರಾಡುವ ಸದ್ದು, ಅದರ ಸ್ವರದ ಮನೆಗಳ ಟಕಟಕ, ನಡುವೆ ಬಂದ ಕೆಮ್ಮು ಎಲ್ಲವೂ ಕಸವೆಂದು ಹೊರಗೆ ಹೋಗುತ್ತವೆ. ಬಂದ ಫಲ ಸ್ವಚ್ಛವೇ, ಅನುಮಾನವಿಲ್ಲ. ಆದರೆ ಅದರಲ್ಲಿ ಮುತ್ಯಾ ಇಲ್ಲ.

ನಾಲ್ಕು ನಿಮಿಷ ಎಂಬ ಅಳತೆ ಎಲ್ಲಿಂದ ಬಂತು? ಸಂಗೀತದಿಂದಂತೂ ಬಂದದ್ದಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯ ಹೋಟೆಲೊಂದರಲ್ಲಿ ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿಸಿದಾಗ ತಟ್ಟೆಯಲ್ಲಿದ್ದ ಜಾಗ ಸುಮಾರು ಮೂರು ನಿಮಿಷದ್ದು. ಆಗ ಮೈಕು ಇರಲಿಲ್ಲ, ದೊಡ್ಡ ಕಹಳೆಯೊಳಗೆ ಮುಖವಿಟ್ಟು ಹಾಡಬೇಕಿತ್ತು, ವಿದ್ಯುತ್ ಮೈಕು ಬಂದದ್ದು 1925ರಲ್ಲಿ. ತಾಸುಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಕಟ್ಟಿ, ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಇದು ಯಾರ ದನಿಯೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯುವ ಬಗೆ ಬೇಕಲ್ಲ!

ಹಾಡಿನ ಕೊನೆಗೆ ಹೆಸರು ಹೇಳುವುದು ನಮ್ಮ ತತ್ವಪದಕಾರರಿಗೆ ಹೊಸದಲ್ಲ. ಮಡಿವಾಳಪ್ಪನಿರಲಿ, ಅವನ ಶಿಷ್ಯಬಳಗದ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬ, ಅರಳಗುಂಡಗಿ ಭಾಗಮ್ಮ ಇರಲಿ, ಅಂಕಿತ ಬರುವುದು ಕಡೆಯ ನುಡಿಯಲ್ಲಿ. ಪದ ಯಾರದ್ದು, ಗುರು ಯಾರು ಎಂಬುದು ಅಲ್ಲಿ ತಿಳಿಯಬೇಕು. ರೆಕಾರ್ಡಿಂಗಿನಲ್ಲಿ ಹೊತ್ತು ಸಾಲದೆ ಹೋದಾಗ ಮೊದಲು ಕತ್ತರಿ ಬೀಳುವುದು ಹೆಚ್ಚಾಗಿ ಈ ಕಡೆಯ ನುಡಿಗೇ. ಕೇಳುವವರಿಗೆ ಪಲ್ಲ ಗೊತ್ತು, ಮೊದಲೆರಡು ನುಡಿ ಗೊತ್ತು, ಅಷ್ಟಾದರೆ ಸಾಕು ಎಂಬ ಎಣಿಕೆ. ಗೌಹರ್ ಜಾನ್‌ಗೆ ಯಂತ್ರವೇ ಹೆಸರು ಹೇಳಿಸಿತು, ಇಲ್ಲಿ ಯಂತ್ರವೇ ಹೆಸರು ಕಸಿಯಿತು. ಹಾಗಾಗಿಯೇ ಪದವೊಂದು ಯಾರದೆಂದು ಕೇಳಿದರೆ ಇಂದಿನ ಹುಡುಗರು ಹಾಡಿದವರ ಹೆಸರು ಹೇಳುತ್ತಾರೆ. ಅವರನ್ನು ದೂರುವಂತಿಲ್ಲ, ಅವರು ಕೇಳಿದ ಪದ ಅಂಕಿತದವರೆಗೆ ಬಂದೇ ಇಲ್ಲ.

ಧ್ವನಿಮುದ್ರಣ ಕೊಂಚ ಮುಂಚೆ ಬಂದಿದ್ದರೆ ಎಂದು ಸುರಪುರದಲ್ಲಿ ನಿಂತಾಗ ಅನ್ನಿಸದೆ ಇರದು. ಬಾಲ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಕಾದಂಬರಿಕಾರನಷ್ಟೇ ಆಗಿರಲಿಲ್ಲ. 1860ರ ದಶಕದಲ್ಲಿ ಡಬ್ಲಿನ್ನಿನ ರಾಯಲ್ ಐರಿಶ್ ಅಕಾಡೆಮಿಗೆ ಸೇರಿದ ಭಾರತೀಯ ವಾದ್ಯಗಳ ಸಂಗ್ರಹಕ್ಕೆ ವಿವರಣೆಯ ಪಟ್ಟಿ ಬರೆದುಕೊಟ್ಟವನೂ ಅವನೇ. ಗುಡ್ಡದ ಮೇಲೆ ಅವನ ಟೇಲರ್ ಮಂಜಿಲ್ ಇಂದಿಗೂ ಇದೆ. ವಾದ್ಯ ಹೇಗಿರುತ್ತದೆ, ಎಲ್ಲಿ ನುಡಿಸುತ್ತಾರೆ ಎಂಬುದನ್ನು ಅವನು ಮಾತಿನಲ್ಲಿ ಬರೆಯಬಲ್ಲವನಾಗಿದ್ದ, ಸದ್ದನ್ನು ಹಿಡಿಯುವ ದಾರಿಯಿರಲಿಲ್ಲ. ಟೇಲರ್ ತೀರಿಕೊಂಡದ್ದು 1876ರಲ್ಲಿ, ಎಡಿಸನ್ನನ ಫೋನೋಗ್ರಾಫ್ ಬಂದದ್ದು 1877ರಲ್ಲಿ. ಸುರಪುರದ ಅರಮನೆಯ ಅಂಗಳದಲ್ಲಿ ಆಗ ಏನು ಕೇಳುತ್ತಿತ್ತೆಂದು ಊಹಿಸಬೇಕಷ್ಟೆ.

ರೇಡಿಯೋ ಬಂದಾಗ ಅಳತೆ ನಿಮಿಷದ್ದಷ್ಟೇ ಆಗಿ ಉಳಿಯಲಿಲ್ಲ, ಯಾವ ವಾದ್ಯ ಒಳಗೆ ಬರಬೇಕೆಂಬ ಅಳತೆಯೂ ಸೇರಿತು. 1940ರ ಮಾರ್ಚಿನಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಪೂರ್ತಿ ಹೊರಗಿಟ್ಟಿತು. ಅದರ ಮನೆಗಳು ಗಟ್ಟಿ, ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ನಮ್ಮ ಶ್ರುತಿಗಳಿಗೆ ಹೊಂದುವುದಿಲ್ಲ ಎಂಬುದು ಆಕ್ಷೇಪ. ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಕಲಬುರಗಿಯ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಅಂದರೆ ಈ ಭಾಗದ ಊರೂರಿನ ಭಜನೆಗೆ, ದೊಡ್ಡಾಟಕ್ಕೆ, ಕಂಪನಿ ನಾಟಕಕ್ಕೆ ಪೇಟಿ ಮಾಸ್ತರನೇ ಆಧಾರವಾಗಿದ್ದ ಹೊತ್ತಿನಲ್ಲಿ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಹುಡುಗರಿಗೆ ಪೇಟಿ ಕಲಿಸಿ ಕಳಿಸುತ್ತಿದ್ದ ಹೊತ್ತಿನಲ್ಲಿ, ರೇಡಿಯೋ ನೀತಿ ಪೇಟಿಯನ್ನು ಬಾಗಿಲಲ್ಲೇ ನಿಲ್ಲಿಸಿತ್ತು. ಕಟ್ಟೆಯ ಮೇಲೆ ಪೇಟಿ ಬೇಕೋ ಬೇಡವೋ ಎಂದು ಯಾವ ಸಮಿತಿಯೂ ಕೂತು ತೀರ್ಮಾನಿಸಿದ್ದಿಲ್ಲ. ಹತ್ತು ಹಳ್ಳಿ ಹೊತ್ತೊಯ್ಯಲು ಬರುತ್ತದೆ, ಇಬ್ಬನಿಗೆ ಇಳಿಯುವುದಿಲ್ಲ, ಇಪ್ಪತ್ತು ಮಂದಿಯ ದನಿಗೆ ದಾರಿ ತೋರಿಸುತ್ತದೆ. ಅಷ್ಟೇ ಅದರ ಅರ್ಹತೆ.

ಕ್ಯಾಸೆಟ್ಟು ಬಂದದ್ದು ಒಂದು ಬಿಡುಗಡೆ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಡಬ್ಬಿ ನಮ್ಮಲ್ಲಿ ಮನೆಮನೆಗೆ ಬಂದದ್ದು ಎಂಬತ್ತರ ದಶಕದಲ್ಲಿ. ಒಂದು ಮಗ್ಗುಲಿಗೆ ಮೂವತ್ತು ನಿಮಿಷ! ತಟ್ಟೆಯ ಹತ್ತು ಪಟ್ಟು. ಗೀಗೀ ಪದ, ದೊಡ್ಡಾಟದ ಪ್ರಸಂಗ, ಹಂತಿ ಪದ ಎಲ್ಲಕ್ಕೂ ಜಾಗ ಸಿಕ್ಕಿತು. ದೊಡ್ಡ ಕಂಪನಿಗಳು ಕಣ್ಣೆತ್ತಿ ನೋಡದ ಹಾಡುಗಾರರೂ ಜಾತ್ರೆಯ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದರು. ಇದು ಸಣ್ಣ ಮಾತಲ್ಲ. ಆದರೂ ಹರದೇಶಿ–ನಾಗೇಶಿ ಕ್ಯಾಸೆಟ್ಟು ಕೇಳಿದಾಗ ಏನೋ ಕೊರತೆ ಕಾಣುತ್ತಿತ್ತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳ ರಾತ್ರಿಯಿಡೀ ಸವಾಲು–ಜವಾಬು ಹಾಡುವ ಈ ಆಟದ ರುಚಿಯೇ ಮುಂದೇನಾದೀತೋ ಎಂಬುದರಲ್ಲಿದೆ. ಎದುರಿನವರ ಸವಾಲಿಗೆ ಈ ಮೇಳಕ್ಕೆ ಉತ್ತರ ಹೊಳೆಯದೆ ದಪ್ಪು ಬಾರಿಸುತ್ತ ಹೊತ್ತು ಕಳೆಯುವುದನ್ನು ನೋಡುವುದೇ ಒಂದು ಮಜಾ. ಜನ ಸಿಳ್ಳೆ ಹಾಕುತ್ತಾರೆ, ತುಂತುಣಿಯವನು ಕಿವಿಯಲ್ಲಿ ಏನೋ ಉಸುರುತ್ತಾನೆ. ಕ್ಯಾಸೆಟ್ಟಿನಲ್ಲಿ ಬಿ ಸೈಡು ಮುಗಿಯುವುದರೊಳಗೆ ರಾಜಿಯಾಗಲೇಬೇಕು. ಸವಾಲೂ ಗೊತ್ತು, ಜವಾಬೂ ಗೊತ್ತು.

ಕ್ಯಾಸೆಟ್ಟು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡಿತು. ಒಂದೇ ತತ್ವಪದಕ್ಕೆ ಊರಿಗೊಂದು ಮಟ್ಟಿತ್ತು. ಭೀಮೆಯ ಕಡೆಯವರು ಹೇಳುವ ಧಾಟಿ ಒಂದಾದರೆ ಕೃಷ್ಣೆಯ ದಂಡೆಯ ತಿಂಥಣಿಯ ಕಡೆ ಇನ್ನೊಂದು. ನುಡಿಗಳ ಹಿಂದುಮುಂದು, ಒಂದೆರಡು ಶಬ್ದದ ವ್ಯತ್ಯಾಸ ಎಲ್ಲ ಇರುತ್ತಿತ್ತು. ಕ್ಯಾಸೆಟ್ಟಿನಲ್ಲಿ ಬಂದ ಮಟ್ಟೇ ಸರಿಯಾದದ್ದು ಎಂಬ ಭಾವನೆ ಬೆಳೆದಂತೆ ಉಳಿದವು ಹಿಂದೆ ಸರಿದವು. ಈಗ ಯೂಟ್ಯೂಬು ಆ ಕೆಲಸವನ್ನು ಇನ್ನಷ್ಟು ಚುರುಕಾಗಿ ಮಾಡುತ್ತಿದೆ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರದ ತತ್ವಪದ ಸಂಪುಟಗಳಿಂದ ಪದಗಳ ಪಾಠ ಉಳಿಯಿತು, ಅದು ದೊಡ್ಡ ಉಪಕಾರ. ಮಟ್ಟನ್ನು ಮುದ್ರಿಸಲು ಅಚ್ಚಿಗೆ ಬರುವುದಿಲ್ಲವಲ್ಲ.

ಬಯಲಿನ ಸದ್ದಿನ ವಿಚಾರಕ್ಕೆ ಬರೋಣ. ಸ್ಟುಡಿಯೋದಲ್ಲಿ ಗೋಡೆಯಿಂದ ಮರಳಿ ಬರುವ ದನಿಯನ್ನು ಕೊಲ್ಲಲು ಖರ್ಚು ಮಾಡುತ್ತಾರೆ. ಬಯಲಿನಲ್ಲಿ ಗೋಡೆಯೇ ಇಲ್ಲ, ದನಿ ಹೋದದ್ದು ಹೋಯಿತು. ದೂರ ಇಮ್ಮಡಿಯಾದಂತೆಲ್ಲ ಸದ್ದು ಆರು ಡೆಸಿಬಲ್ ಇಳಿಯುತ್ತದೆ ಎನ್ನುತ್ತದೆ ಭೌತಶಾಸ್ತ್ರ. ಮೈಕಿಲ್ಲದ ಕಾಲದ ದೊಡ್ಡಾಟದವರು ಅಷ್ಟು ಎತ್ತರದ ಶ್ರುತಿಯಲ್ಲಿ ಹಾಡಿದ್ದು ಯಾಕೆಂದು ಇಲ್ಲಿ ತಿಳಿಯುತ್ತದೆ, ಕಡೆಯ ಸಾಲಿನವನಿಗೂ ಕೇಳಬೇಕಿತ್ತು. ಮೈಕು ಬಂದಮೇಲೂ ಶ್ರುತಿ ಕೆಳಗಿಳಿಯಲಿಲ್ಲ, ರೂಢಿ ಹಾಗೆ. ಇನ್ನು ನಮ್ಮ ಮೈಕ್‌ಸೆಟ್ಟಿನವರಿಗೆ ಎಕೋ ಮೇಲೆ ಎಲ್ಲಿಲ್ಲದ ಪ್ರೀತಿ. ಅಹುಜಾ ಆಂಪ್ಲಿಫೈಯರಿಗೆ ಒಂದು ಎಕೋ ಡಬ್ಬಿ ಜೋಡಿಸಿ ಗುಂಡಿ ಪೂರ್ತಿ ತಿರುಗಿಸಿದರೇನೇ ಅವರಿಗೆ ಸಮಾಧಾನ. ಹಾಡುಗಾರನೂ “ಎಕೋ ಸ್ವಲ್ಪ ಬಿಡೋ ತಮ್ಮಾ” ಎಂದು ಕೇಳಿಯೇ ಶುರು ಮಾಡುವುದು. ಇದನ್ನು ನಾನು ತಿರಸ್ಕಾರದಿಂದ ಹೇಳುತ್ತಿಲ್ಲ. ಗೋಡೆಯಿಲ್ಲದಲ್ಲಿ ಗೋಡೆ ಕಟ್ಟಿಕೊಳ್ಳುವ ಉಪಾಯ ಅದು, ಒಂಟಿ ದನಿಗೆ ಜೊತೆ ಸಿಕ್ಕಂತಾಗುತ್ತದೆ. ನುಡಿಯ ಅರ್ಧ ಅಕ್ಷರಗಳು ಅದರಲ್ಲಿ ಕರಗಿ ಹೋಗುತ್ತವೆ ಎಂಬುದೂ ಅಷ್ಟೇ ನಿಜ.

ಮೈಲಾಪುರದಂಥ ದೊಡ್ಡ ಜಾತ್ರೆಯಲ್ಲಿ ಇನ್ನೊಂದು ತೊಡಕು. ನೂರು ಮೀಟರ್ ದೂರದ ಕಂಬಕ್ಕೆ ಹಾರ್ನ್ ಕಟ್ಟಿರುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವುದರಿಂದ ಅಲ್ಲಿಂದ ಮರಳುವ ದನಿ ಹಾಡುಗಾರನ ಕಿವಿಗೆ ಕಾಲು ಸೆಕೆಂಡಿಗಿಂತ ಹೆಚ್ಚು ತಡವಾಗಿ ಬೀಳುತ್ತದೆ. ತಾಳ ತಪ್ಪಿಸಲು ಅಷ್ಟು ಸಾಕು. ಪಳಗಿದವರು ಹಾರ್ನಿನ ಕಡೆ ಕಿವಿ ಕೊಡದೆ ಪಕ್ಕದ ತಾಳದವನ ಕೈ ನೋಡಿಕೊಂಡು ಹಾಡುತ್ತಾರೆ. ಚರ್ಮವಾದ್ಯದ ಗೋಳು ಬೇರೆ. ನಡುರಾತ್ರಿಯ ತಂಪಿಗೆ ಹಲಗೆ ಸಡಿಲಾಗುತ್ತದೆ, ಹುಲ್ಲು ಒಟ್ಟಿ ಉರಿ ಹಾಕಿ ಕಾಯಿಸಬೇಕು. ಕಾಯಿಸುವಷ್ಟು ಹೊತ್ತು ಹಾಡು ನಿಲ್ಲುತ್ತದೆ, ಚಹಾ ಆಗುತ್ತದೆ. ಏಸಿ ಹಾಕಿದ ಸ್ಟುಡಿಯೋದೊಳಗೆ ಉರಿ ಹಾಕುವುದು ಎಲ್ಲಿ? ಪ್ಲಾಸ್ಟಿಕ್ ಹೊದಿಕೆಯ ಹಲಗೆ ಬಂದದ್ದೇ ಇದಕ್ಕೆ ಉತ್ತರ. ಈಗ ಬಯಲಿನಲ್ಲೂ ಅದೇ ಬಾರಿಸುತ್ತಾರೆ. ಕಾಯಿಸಿದ ಚರ್ಮದ ಆ ಗಡುಸು ದನಿ ಅದಕ್ಕಿಲ್ಲ.

ಕೆಲವು ಹಾಡುಗಳ ಮಟ್ಟಿಗಂತೂ ಸ್ಟುಡಿಯೋ–ವೇದಿಕೆ ಎಂಬ ಭೇದವೇ ಸಣ್ಣದು, ಅವು ಎರಡಕ್ಕೂ ಸೇರಿದವಲ್ಲ. ಹಂತಿ ಪದ ಕಣದ್ದು. ಮೇಟಿಯ ಸುತ್ತ ಎತ್ತು ತಿರುಗುವ ಗತಿಯೇ ಅದರ ತಾಳ, ಎತ್ತು ನಿಂತರೆ ಹಾಡು ನಿಂತಿತು. ರಾಶಿ ಯಂತ್ರ ಬಂದು ಹಂತಿ ಕಟ್ಟುವುದೇ ನಿಂತ ಮೇಲೆ ಪದ ವೇದಿಕೆಗೆ, ಕ್ಯಾಸೆಟ್ಟಿಗೆ ಬಂತು. ಅಲ್ಲಿ ಅದಕ್ಕೆ ಡೋಲಕ್ಕಿನ ತಾಳ ಕೊಟ್ಟರು. ಬೀಸುವ ಕಲ್ಲಿನ ಪದವೂ ಹಾಗೆಯೇ, ಜ್ವಾಳ ಮುಗಿಯುವವರೆಗೆ ಹಾಡು. ಮೊಹರಮ್ಮಿನ ಅಲಾಯಿ ಪದ ಕೇಳಿ. ಅಲಾಯಿ ಕುಣಿಯ ಸುತ್ತ ಸಾಲುಗಟ್ಟಿ ಹಾಕುವ ಹೆಜ್ಜೆಯ ಧಪ್ ಧಪ್ ಸದ್ದು ಪದದ ಅಂಗವೇ ಆಗಿರುತ್ತದೆ. ಸ್ಟುಡಿಯೋದಲ್ಲಿ ನಿಂತು ಹಾಡಿದ ಅಲಾಯಿ ಪದದಲ್ಲಿ ಆ ಕಾಲುಗಳು ಕೇಳುವುದಿಲ್ಲ.

ಇಷ್ಟು ಹೇಳಿದ್ದರಿಂದ ರೆಕಾರ್ಡಿಂಗನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸುತ್ತಿದ್ದೇನೆ ಎಂದುಕೊಳ್ಳಬಾರದು. 1933ರಲ್ಲಿ ಹನ್ನೊಂದು ವರ್ಷದ ಭೀಮಸೇನ ಜೋಶಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿದ್ದಕ್ಕೆ ಗದಗಿನ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕಾರಣ. ಮೂರು ನಿಮಿಷದ ಝಿಂಝೋಟಿ ಠುಮರಿ, ಅಷ್ಟೇ. ಊರೂರು ಅಲೆದು ಕೊನೆಗೆ ಆ ಹುಡುಗ ನೆಲೆ ನಿಂತದ್ದು ಕುಂದಗೋಳದಲ್ಲಿ, ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಬಳಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿ ಇನ್ನೂ ಹಾಲುಗಲ್ಲದ ವಯಸ್ಸಿನಲ್ಲಿ ದೊಡ್ಡ ಉಸ್ತಾದರ ತಟ್ಟೆಗಳನ್ನು ಕೇಳಿ ಹಾಗೆಹಾಗೇ ಹಾಡಿ ಸಭೆಗಳನ್ನು ಬೆರಗುಗೊಳಿಸಿ ಕುಮಾರ ಗಂಧರ್ವನಾದ. ತಟ್ಟೆ ಮುಗಿದಲ್ಲಿ ಅವನ ಹಾಡೂ ಮುಗಿಯುತ್ತಿತ್ತು. ಅದರಾಚೆಗೆ ಬೆಳೆಸುವುದನ್ನು ಗುರು ದೇವಧರರ ಬಳಿ ಕಲಿಯಬೇಕಾಯಿತು. ಎದುರು ದಿಕ್ಕಿನಲ್ಲಿ ಹೋದವರೂ ಇದ್ದಾರೆ. ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿ ಬಿಟ್ಟು ಸ್ಟುಡಿಯೋ ಸೇರಿಕೊಂಡ. ಬೀಟಲ್ಸ್ ತಂಡ 1966ರಲ್ಲಿ ಪ್ರವಾಸ ನಿಲ್ಲಿಸಿ, ವೇದಿಕೆಯ ಮೇಲೆ ನುಡಿಸಲು ಬಾರದಂಥ ಸಂಗೀತವನ್ನು ಸ್ಟುಡಿಯೋದಲ್ಲೇ ಕಟ್ಟಿತು.

ಬೆಂಗಳೂರು, ಮುಂಬೈ, ಪುಣೆಯ ಕಟ್ಟಡದ ಕೆಲಸಕ್ಕೆ ಯಾದಗಿರಿಯಿಂದ ಗುಳೆ ಹೋದವರಿಗಂತೂ ಮೊಬೈಲಿನ ಪದವೇ ಊರು. ಅವರಿಗೆ ಕಟ್ಟೆಯ ಮಹಿಮೆ ಹೇಳಿ ಪ್ರಯೋಜನವಿಲ್ಲ, ಅಮಾಸಿಗೆ ರಜೆ ಕೊಡುವವರಾರು? ಜಾತ್ರೆಯ ಭಜನೆ ಲೈವ್ ಬಂದರೆ ಶೆಡ್ಡಿನಲ್ಲಿ ಒಂದೇ ಮೊಬೈಲಿನ ಸುತ್ತ ಕೂತು ನೋಡುತ್ತಾರೆ, ಕಮೆಂಟಿನಲ್ಲಿ “ಇನ್ನೊಂದು ಪದ ಹಾಡ್ರಿ ಅಣ್ಣಾ” ಎಂದು ಬರೆಯುತ್ತಾರೆ.

ಆ ಕೇಳಿಕೆ ಹಳೆಯದೇ. ಕಂಪನಿ ನಾಟಕಗಳ ಕಾಲಕ್ಕೆ ಅದಕ್ಕೆ “ವನ್ಸ್ ಮೋರ್” ಎಂಬ ಹೆಸರಿತ್ತು. ರಂಗದ ಮೇಲೆ ಸತ್ತು ಬಿದ್ದ ಪಾತ್ರಧಾರಿ ವನ್ಸ್ ಮೋರ್ ಕೂಗಿಗೆ ಎದ್ದು ನಿಂತು ಹಾಡಿ, ಮತ್ತೆ ಮಲಗಿ ಸತ್ತ ಕಥೆಯನ್ನು ಹಳಬರು ಇಂದಿಗೂ ನಗುತ್ತ ಹೇಳುತ್ತಾರೆ. ಕಥೆ ಎಷ್ಟು ನಿಜವೋ, ಎರಡನೇ ಸಲದ ಹಾಡು ಮೊದಲಿನಂತಿರಲಿಲ್ಲ ಎಂಬುದು ಖಂಡಿತ. ಮೊಬೈಲಿನಲ್ಲಿ ಎಷ್ಟು ಸಲ ತಿರುಗಿ ಹಾಕಿದರೂ ಅದೇ ಹಾಡು, ಅದೇ ಉಸಿರು.

ಇದೆಲ್ಲದರ ನಡುವೆ ನನಗೆ ಅರ್ಥವಾಗದ ಸಂಗತಿ ಒಂದಿದೆ. ಮೇಣದ ತಟ್ಟೆಯ ಮೂರು ನಿಮಿಷಕ್ಕೆ ಕಾರಣವಿತ್ತು, ಕ್ಯಾಸೆಟ್ಟಿನ ಮೂವತ್ತಕ್ಕೂ ಇತ್ತು. ಇಂದು ಕಿಸೆಯಲ್ಲಿನ ಮೆಮೊರಿ ಕಾರ್ಡಿನಲ್ಲಿ ಅಮಾಸಿಯ ಇಡೀ ರಾತ್ರಿ ಹಿಡಿಸುತ್ತದೆ. ಯಾವ ಯಂತ್ರವೂ ಸಾಕು ಎನ್ನುತ್ತಿಲ್ಲ. ಆದರೂ ನಮ್ಮ ಭಜನಾ ತಂಡಗಳು ಪದವನ್ನು ನಾಲ್ಕು ನಿಮಿಷಕ್ಕೇ ಕತ್ತರಿಸಿ ಏರಿಸುತ್ತವೆ, ಅರ್ಧ ನಿಮಿಷದ ರೀಲಿಗೆ ಪಲ್ಲವೊಂದೇ. ಚಾನೆಲ್ಲು ನಡೆಸುವ ಹುಡುಗರನ್ನು ಕೇಳಿದರೆ “ಉದ್ದ ಇದ್ರ ಯಾರ್ ನೋಡ್ತಾರ್ರೀ ಕಾಕಾ” ಎನ್ನುತ್ತಾರೆ. ಚಿಕ್ಕದನ್ನೂ ಹಾಕಲಿ, ಬೇಡವೆನ್ನುವುದಿಲ್ಲ. ಜೊತೆಗೆ ಪೂರ್ತಿಯದೊಂದು ಇರಲಿ. ಮೊಬೈಲನ್ನು ಪೇಟಿಯ ಮುಂದಿಟ್ಟರೆ ಪೇಟಿಯೊಂದೇ ಕೇಳುತ್ತದೆ, ಹಿಂದಿನ ದನಿಯವರ ನಡುವೆ ಕಂಬಕ್ಕೆ ಕಟ್ಟಲಿ. ಮುತ್ಯಾ ನಡುವೆ ಬಾಯಿ ಹಾಕಿದರೆ ಅಳಿಸಬಾರದು. ಕಡೆಯ ನುಡಿ ಬಂದು, ಅಂಕಿತ ಬಂದು, ಮಂಗಳ ಹಾಡಿ ಏಳುವವರೆಗೆ ಬಂದ್ ಮಾಡಬಾರದು. ರಾತ್ರಿ ಕರೆಂಟು ಹೋಗುವುದು ಇದ್ದದ್ದೇ, ಪವರ್ ಬ್ಯಾಂಕು ಮರೆಯದೆ ಒಯ್ಯಲಿ.